ಸಾಸಿವೆ ಕಾಳಿನಷ್ಟು ಗಾಯ

ನನ್ನ ಬಲಗೈ ಮಣಿಕಟ್ಟಿನ ಒಳಬದಿಯಲ್ಲಿ, ಹೆಬ್ಬೆರಳಿನ ನೇರಕ್ಕೆ, ಒಂದು ಚುಕ್ಕೆ ಇದೆ. ಇದೆ ಅಂತ ಗೊತ್ತಿದ್ದವರಿಗಷ್ಟೇ ಕಾಣುವಂಥದ್ದು. ಅಲ್ಲಿಂದ ಒಳಹೊಕ್ಕ ಒಂದು ನಳಿಕೆ ಮೊಣಕೈ ದಾಟಿ, ಭುಜ ದಾಟಿ, ಮಹಾಪಧಮನಿಯ ಬಾಗಿನಲ್ಲಿ ಇಳಿದು, ಹೃದಯಕ್ಕೇ ರಕ್ತ ಕೊಡುವ ನಾಳದ ಬಾಯಿಗೆ ಹೋಗಿ ನಿಂತಿತ್ತು. ಸುಮಾರು ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ನಾನು ಎಚ್ಚರವಾಗಿದ್ದೆ. ಕೊನೆಗೆ ಡಾಕ್ಟರು ಏನನ್ನೂ ಹಾಕದೆ, ಯಾವುದನ್ನೂ ಹಿಗ್ಗಿಸದೆ ಅದನ್ನು ಹೊರಗೆಳೆದು, ಮಣಿಕಟ್ಟಿಗೆ ಬಿಗಿಯಾದ ಪಟ್ಟಿ ಕಟ್ಟಿ ಕಳಿಸಿದರು.

ನೋಡಲು ಬಂದವರೆಲ್ಲರ ಮೊದಲ ಪ್ರಶ್ನೆ ಒಂದೇ: "ಎಷ್ಟು ಹಾಕಿದ್ರು?" ಸ್ಟೆಂಟ್, ಅಂದರೆ ಕಿರಿದಾದ ನಾಳ ಮುಚ್ಚದಂತೆ ಒಳಗಿಡುವ ಲೋಹದ ಜಾಲರಿ, ಅನ್ನುವ ಪದವೂ ಬೇಕಿಲ್ಲ, ಎಷ್ಟು ಅಂದರೆ ಸಾಕು. ಒಂದೂ ಹಾಕಿಲ್ಲ ಎಂದಾಗ ಅವರ ಮುಖದಲ್ಲಿ ಸಮಾಧಾನ ಮೂಡಬೇಕಿತ್ತು, ಅನುಮಾನ ಮೂಡುತ್ತಿತ್ತು. ಹೆಂಡತಿಯಂತೂ ನೇರವಾಗಿಯೇ ಕೇಳಿದಳು. "ಅಲ್ರೀ, ಅಲ್ಲೀವರೆಗೂ ಹೋಗಿ, ಬ್ಲಾಕ್ ಇದೆ ಅಂತ ಕಣ್ಣಾರೆ ಕಂಡ ಮೇಲೂ ಹಾಗೇ ಬಿಟ್ಟು ಬರೋದಾ? ಒಂದೇ ಸಲಕ್ಕೆ ಮುಗಿಸಿಬಿಡಬಹುದಿತ್ತಲ್ಲ."

ನಿಜ ಹೇಳಬೇಕೆಂದರೆ ಆ ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದಾಗ, ಮುಚ್ಚದೆ ಬಿಟ್ಟು ಬಂದ ಬಾಗಿಲಿನ ಹಾಗೆ ಆ ಬ್ಲಾಕ್ ಮನಸ್ಸಿನಲ್ಲಿ ಬಡಿದುಕೊಳ್ಳುತ್ತಿತ್ತು. "ಮುಗಿಸಿಬಿಡೋದು" ಅನ್ನುವ ಮಾತು ನಮ್ಮ ಬಾಯಿಗೆ ಎಲ್ಲಿಂದ ಬಂತು ಎಂದು ಯೋಚಿಸುತ್ತ ಹೋದರೆ ಅದು ಅಮ್ಮನ ಹತ್ತಿರ ಹೋಗಿ ನಿಲ್ಲುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಗಿನ ಜಾವ ಅಮ್ಮ ದವಡೆ ನೋವು ಅಂತ ಎದ್ದು ಕೂತಳು. ಎದೆ ಅನ್ನಲೇ ಇಲ್ಲ. ಮೈಯೆಲ್ಲ ಬೆವರು, ಸೀರೆ ಒದ್ದೆ. ಗ್ಯಾಸ್ ಇರಬೇಕು ಅಂತ ಅವಳು, ಹಲ್ಲಿರಬೇಕು ಅಂತ ನಾನು. ಇಬ್ಬರೂ ಸೇರಿ ಅರ್ಧ ಗಂಟೆ ಹಾಳು ಮಾಡಿದೆವು. ಇಸಿಜಿ ತೆಗೆದ ಹುಡುಗ ಕಾಗದ ನೋಡಿದವನೇ ಓಡಿದ. ಆಮೇಲೆ ಎಲ್ಲವೂ ಓಡಿತು. ಹೃದಯದ ಬಲಗಡೆಯ ನಾಳ ಪೂರ್ತಿ ಮುಚ್ಚಿತ್ತು. ನಾಳ ಮುಚ್ಚಿದ ಅರ್ಧ ಗಂಟೆಯ ಆಸುಪಾಸಿನಲ್ಲೇ ಅದರ ಪಾಲಿನ ಸ್ನಾಯು ಸಾಯತೊಡಗುತ್ತದೆ. ಹಾಗಾಗಿಯೇ ಹಾರ್ಟ್ ಅಟ್ಯಾಕ್ ಆದವರು ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷದೊಳಗೆ ನಾಳ ತೆರೆಯಬೇಕು ಎಂಬ ಗಡುವು ಹಲವು ಕಡೆ ಇದೆ. ಅಮ್ಮನ ಲೆಕ್ಕದಲ್ಲಿ ಆ ಗಡುವು ತಪ್ಪಲಿಲ್ಲ. ತಪ್ಪಿದ್ದು ನಾವು ಮನೆಯಲ್ಲಿ ಕಳೆದ ಅರ್ಧ ಗಂಟೆ ಮಾತ್ರ, ಅದರ ಗುರುತು ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಇಂದಿಗೂ ಇದೆ.

ಆಮೇಲೆ ಡಾಕ್ಟರು ನನಗೆ ಪರದೆಯಲ್ಲಿ ಎರಡು ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ನಾಳ ಕಡಿದ ಕೊಂಬೆಯಂತೆ ಅರ್ಧಕ್ಕೇ ನಿಂತಿತ್ತು. ಎರಡನೆಯದರಲ್ಲಿ ಅದೇ ಕೊಂಬೆ ಉದ್ದಕ್ಕೆ ಚಾಚಿ, ಕವಲೊಡೆದು, ತುದಿಯ ಕಡ್ಡಿಗಳವರೆಗೆ ತುಂಬಿಕೊಂಡಿತ್ತು. ನಡುವೆ ಸ್ಟೆಂಟ್ ಹಾಕಿದ್ದರು, ಕಳೆದದ್ದು ಇಪ್ಪತ್ತು ನಿಮಿಷವಂತೆ. "ಎದೆ ಮೇಲೆ ಕೂತಿದ್ದವರು ಯಾರೋ ಎದ್ದು ಹೋದ ಹಾಗಾಯ್ತು ಕಣೋ" ಅಂದಳು ಅಮ್ಮ. ಮೂರನೇ ದಿನ ತಾನೇ ನಡೆದುಕೊಂಡು ಮನೆ ಮೆಟ್ಟಿಲು ಹತ್ತಿದಳು.

ಆರು ತಿಂಗಳಿಗೆ ಅವಳ ಕಪಾಟಿನಲ್ಲಿ ಸೀರೆಗಳ ಹಿಂದೆ ಮಾತ್ರೆಯ ಪಟ್ಟಿಗಳು ಸಿಕ್ಕವು. ಕೊಲೆಸ್ಟ್ರಾಲಿನದ್ದು ಮುಟ್ಟಿಯೇ ಇಲ್ಲ. ರಕ್ತ ತೆಳುವಾಗಿಸುವ ಎರಡರಲ್ಲಿ ಒಂದನ್ನು ದಿನ ಬಿಟ್ಟು ದಿನ. ನಾನು ಕೂಗಾಡಿದ್ದಕ್ಕೆ ಅವಳು ಶಾಂತವಾಗಿ ಹೇಳಿದ್ದು: "ಸರಿಮಾಡಿ ಕಳಿಸಿದ್ದಾರಲ್ಲೋ. ಒಂದು ಹೊಲಿಗೆ ಕೂಡ ಹಾಕಿಲ್ಲ."

ಆ ಮಾತನ್ನು ಆಗ ಅಜ್ಞಾನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನಾವೆಲ್ಲ ರೋಗವನ್ನು ಗಾಯದಿಂದ ಅಳೆಯುವವರು. ಎದೆ ಸೀಳಿ, ಮೂಳೆ ಕತ್ತರಿಸಿ, ತಂತಿಯಿಂದ ಹೊಲಿದಿದ್ದರೆ ಅಮ್ಮ ಕನ್ನಡಿ ಮುಂದೆ ನಿಂತಾಗಲೆಲ್ಲ ರೋಗ ನೆನಪಾಗುತ್ತಿತ್ತು, ಮಾತ್ರೆಯೂ ನೆನಪಾಗುತ್ತಿತ್ತು. ಸಾಸಿವೆ ಕಾಳಿನಷ್ಟು ಗಾಯ ಮಾಡಿ ಪ್ರಾಣ ಉಳಿಸಿದರೆ ರೋಗವೂ ಸಾಸಿವೆಯಷ್ಟೇ ಇದ್ದಿರಬೇಕು ಅನ್ನಿಸುವುದು ಸಹಜ. ಈ ಚಿಕಿತ್ಸೆಯ ದೊಡ್ಡಸ್ತಿಕೆ ಯಾವುದೋ ಅದರ ತೊಡಕೂ ಅದೇ.

ಈ ದಾರಿಯನ್ನು ಮೊದಲು ತುಳಿದವನ ಕತೆ ಓದಿದರೆ ಗಾಯ ಸಣ್ಣದಾದರೂ ಅದರ ಹಿಂದಿನ ಎದೆಗಾರಿಕೆ ಸಣ್ಣದಲ್ಲ ಎಂದು ತಿಳಿಯುತ್ತದೆ. 1929, ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆ. ವೆರ್ನರ್ ಫೋರ್ಸ್‌ಮನ್ ಎಂಬ ಸುಮಾರು 25ರ ಹರೆಯದ ವೈದ್ಯ, ಕೈಯ ಅಭಿಧಮನಿಯಿಂದ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳದಿಂದ) ನಳಿಕೆ ತೂರಿಸಿ ಹೃದಯ ಮುಟ್ಟಬಹುದು ಅನ್ನುತ್ತಿದ್ದ. ಮೇಲಿನವರು ಬೇಡ ಎಂದರು. ಕ್ರಿಮಿಶುದ್ಧ ಮಾಡಿದ ಉಪಕರಣಗಳು ನರ್ಸ್ ಗೆರ್ಡಾ ಡಿಟ್ಸೆನ್ ಕೈಯಲ್ಲಿದ್ದವು. ಆಕೆಯನ್ನು ಒಪ್ಪಿಸಿದ, ಆಕೆ ಪ್ರಯೋಗ ನನ್ನ ಮೇಲೇ ಆಗಲಿ ಎಂದಳು. ಸರಿ ಅಂತ ಆಕೆಯನ್ನು ಮೇಜಿಗೆ ಕಟ್ಟಿ, ಆಕೆಗೆ ಕಾಣದಂತೆ ತನ್ನದೇ ಎಡತೋಳಿನ ನಾಳ ಕೊಯ್ದು, ಮೂತ್ರನಾಳಕ್ಕೆಂದು ಮಾಡಿದ್ದ ನಳಿಕೆಯನ್ನು ಒಳಗೆ ತೂರಿಸಿಕೊಂಡ. ಆಮೇಲೆ ಆಕೆಯ ಕಟ್ಟು ಬಿಚ್ಚಿ, ನಳಿಕೆ ಜೋತಾಡುತ್ತಿದ್ದ ಹಾಗೇ ಎಕ್ಸ್-ರೇ ಕೋಣೆಗೆ ನಡೆದು ಹೋದ. ಸುಮಾರು 65 ಸೆಂಟಿಮೀಟರ್ ಒಳಗಿದ್ದ ಅದರ ತುದಿ ಹೃದಯದ ಬಲಮೇಲ್ಕೋಣೆಯಲ್ಲಿತ್ತು, ಚಿತ್ರ ತೆಗೆಸಿದ. ಬಹುಮಾನವಾಗಿ ಸಿಕ್ಕಿದ್ದು ಛೀಮಾರಿ. ಆತ ಕೊನೆಗೆ ಮೂತ್ರಾಂಗದ ವೈದ್ಯನಾದ. 1956ರಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಎಂಬಿಬ್ಬರ ಜೊತೆ ನೊಬೆಲ್ ಬಂದಾಗ ಸಣ್ಣ ಊರೊಂದರಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ. (ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆತ ನಾಜಿ ಪಕ್ಷದ ಸದಸ್ಯನೂ ಆಗಿದ್ದ. ಧೈರ್ಯವಂತರೆಲ್ಲ ದೊಡ್ಡವರಲ್ಲ.)

ಅಭಿಧಮನಿಯಿಂದ ಹೋದರೆ ಹೃದಯದ ಬಲಭಾಗ ಸಿಗುತ್ತದೆ. ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳಗಳಿಗೆ ಹೋಗಲು ಹೃದಯದಿಂದ ರಕ್ತ ಹೊರಗೊಯ್ಯುವ ಅಪಧಮನಿಯ ದಾರಿ ಬೇಕು, ಅಲ್ಲಿ ರಕ್ತ ಒತ್ತಡದಿಂದ ಚಿಮ್ಮುತ್ತದೆ. ಆ ದಾರಿಯನ್ನು ಸುಲಭ ಮಾಡಿದ್ದು ಸ್ವೀಡನ್ನಿನ ಸೆಲ್ಡಿಂಗರ್, 1953ರಲ್ಲಿ. ಮೊದಲು ಸೂಜಿ ಚುಚ್ಚು, ಸೂಜಿಯೊಳಗಿಂದ ತಂತಿ ಬಿಡು, ಸೂಜಿ ತೆಗೆ, ತಂತಿಯ ಮೇಲೆ ನಳಿಕೆ ಜಾರಿಸು. ಇಷ್ಟೇ. ಇವತ್ತು ಕ್ಯಾಥೆಟರಿನಿಂದ, ಅಂದರೆ ಇಂಥ ನಳಿಕೆಯಿಂದ, ಮಾಡುವ ಬಹುಪಾಲು ಚಿಕಿತ್ಸೆಗಳು ಈ ನಾಲ್ಕು ಹೆಜ್ಜೆಯ ಮೇಲೇ ನಿಂತಿವೆ.

ಕರೋನರಿ ನಾಳದೊಳಕ್ಕೇ ನೇರವಾಗಿ ಡೈ (ಎಕ್ಸ್-ರೇಯಲ್ಲಿ ನಾಳ ಕಾಣುವಂತೆ ಮಾಡುವ ದ್ರವ) ಬಿಟ್ಟರೆ ಹೃದಯ ನಿಂತೇ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ ನಳಿಕೆಯ ತುದಿ ತಾನಾಗಿ ಜಾರಿ ಬಲನಾಳದೊಳಗೆ ಹೊಕ್ಕು ಡೈ ಪೂರ್ತಿ ಅಲ್ಲೇ ಸುರಿಯಿತು. ಬಡಿತ ನಿಂತಿತು. ಸೋನ್ಸ್ ರೋಗಿಗೆ ಕೆಮ್ಮಲು ಹೇಳಿದ, ರೋಗಿ ಕೆಮ್ಮಿದ, ಬಡಿತ ಮರಳಿತು. ಆಂಜಿಯೋಗ್ರಾಮ್ ಎಂದು ನಾವು ಕರೆಯುವುದು ಹುಟ್ಟಿದ್ದು ಈ ಅಚಾತುರ್ಯದಿಂದ. ಮೇಜಿನ ಮೇಲೆ ಮಲಗಿದ್ದಾಗ ನನಗೂ ಒಮ್ಮೆ "ಜೋರಾಗಿ ಕೆಮ್ಮಿ" ಅಂದರು. ಯಾಕೆ ಅಂತ ಆಗ ಗೊತ್ತಿರಲಿಲ್ಲ, ವಿಧೇಯನಾಗಿ ಕೆಮ್ಮಿದೆ.

ನೋಡುವುದಕ್ಕೆಂದು ಇದ್ದ ನಳಿಕೆಯಿಂದ ರಿಪೇರಿಯನ್ನೂ ಮಾಡಬಹುದು ಎಂದು ತೋರಿಸಿದವನು ಅಮೆರಿಕದ ಚಾರ್ಲ್ಸ್ ಡಾಟರ್. ಪೋರ್ಟ್‌ಲ್ಯಾಂಡಿನ ಈ ರೇಡಿಯಾಲಜಿಸ್ಟ್ (ಎಕ್ಸ್-ರೇ ತಜ್ಞ) ಶಸ್ತ್ರವೈದ್ಯನೂ ಅಲ್ಲ, ಹೃದ್ರೋಗ ತಜ್ಞನೂ ಅಲ್ಲ. 1964ರ ಜನವರಿಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಅವನ ಬಳಿ ಬಂದಳು. ತೊಡೆಯ ನಾಳ ಕಿರಿದಾಗಿ ಪಾದ ಕೊಳೆಯುತ್ತಿತ್ತು. ಕಾಲು ತೆಗೆಯಬೇಕು ಎಂದರೆ ಅಜ್ಜಿ ಸುತರಾಂ ಒಪ್ಪಲಿಲ್ಲ. ಡಾಟರ್ ತಂತಿ ದಾಟಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆ ಜಾರಿಸಿ ನಾಳವನ್ನು ಅಗಲಿಸಿದ. ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು, ಅಜ್ಜಿ ಬದುಕಿದ್ದಷ್ಟು ದಿನ ತನ್ನೆರಡು ಕಾಲ ಮೇಲೆ ನಡೆದಳು. ಅವನ ಸ್ವಂತ ದೇಶದ ಶಸ್ತ್ರವೈದ್ಯರು ಮೂಗು ಮುರಿದರು. ಯುರೋಪಿನವರು ಮಾತ್ರ ಅದನ್ನು ಕಲಿತು, ಅವನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡು "ಡಾಟರಿಂಗ್" ಅಂದರು.

ಹಾಗೆ ಕಲಿತವರಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಒಬ್ಬ. ದಪ್ಪ ನಳಿಕೆಯನ್ನು ನೂಕುವ ಬದಲು ಸಪೂರ ನಳಿಕೆಯ ತುದಿಯಲ್ಲಿ ಬಲೂನ್ ಇಟ್ಟರೆ ಹೇಗೆ ಎಂಬುದು ಅವನ ಯೋಚನೆ. ರಬ್ಬರಿನ ಬಲೂನ್ ಗಟ್ಟಿ ಜಾಗ ಸಿಕ್ಕಲ್ಲಿ ಸೊಂಟ ಸಣ್ಣ ಮಾಡಿಕೊಂಡು ಎರಡೂ ಕಡೆ ಉಬ್ಬುತ್ತದೆ, ಕೆಲಸಕ್ಕೆ ಬಾರದು. ಎಷ್ಟು ಒತ್ತಿದರೂ ಗೊತ್ತಾದ ಅಳತೆ ಮೀರದ ಬಲೂನ್ ಬೇಕು. ಜ್ಯೂರಿಕ್‌ನಲ್ಲಿ ತನ್ನ ಮನೆಯ ಅಡುಗೆಮನೆಯ ಮೇಜಿನ ಮೇಲೆ, ಹೆಂಡತಿ ಮತ್ತು ಸಹಾಯಕಿಯ ಜೊತೆ ಕೂತು, ಪಿವಿಸಿ ಕೊಳವೆ ಕಾಯಿಸಿ ಅಂಟಿಸಿ ವರ್ಷಗಟ್ಟಲೆ ಅದನ್ನು ತಿದ್ದಿದ. 1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬನ ಹೃದಯದ ಎಡನಾಳದಲ್ಲಿ ಆ ಬಲೂನ್ ಉಬ್ಬಿತು. ಹತ್ತು ವರ್ಷದ ಬಳಿಕ ಮತ್ತೆ ಆಂಜಿಯೋಗ್ರಾಮ್ ಮಾಡಿದಾಗ ಆ ನಾಳ ತೆರೆದೇ ಇತ್ತು. ನೋಡಲು ಗ್ರುಂಟ್‌ಸಿಗ್ ಇರಲಿಲ್ಲ. 1985ರಲ್ಲಿ ತಾನೇ ಹಾರಿಸುತ್ತಿದ್ದ ವಿಮಾನ ಬಿದ್ದು, 46ನೇ ವಯಸ್ಸಿಗೇ ಸತ್ತಿದ್ದ.

ಆ ಮೊದಲ ರೋಗಿ ಅದೃಷ್ಟವಂತ. ಬಲೂನ್ ಹಾಕಿಸಿಕೊಂಡ ಹತ್ತು ಜನರಲ್ಲಿ ಮೂರ್ನಾಲ್ಕು ಮಂದಿಗೆ ಆರು ತಿಂಗಳೊಳಗೆ ಅದೇ ಜಾಗ ಮತ್ತೆ ಕಿರಿದಾಗುತ್ತಿತ್ತು. ಅದಕ್ಕೆ ಆಸರೆಯಾಗಿ ಬಂದದ್ದು ಸ್ಟೆಂಟ್. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪ್ಯುಯೆಲ್, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಮನುಷ್ಯರ ಕರೋನರಿಯಲ್ಲಿ ಅದನ್ನು ಮೊದಲು ಇಟ್ಟರು. (ಆ ಹೆಸರು ಹತ್ತೊಂಬತ್ತನೇ ಶತಮಾನದ ಚಾರ್ಲ್ಸ್ ಸ್ಟೆಂಟ್ ಎಂಬ ಇಂಗ್ಲಿಷ್ ದಂತವೈದ್ಯನದ್ದು. ಹಲ್ಲಿನ ಅಚ್ಚು ತೆಗೆಯುವ ಅಂಟನ್ನು ಉತ್ತಮಪಡಿಸಿದ್ದ, ಹೃದಯದ ತಂಟೆಗೆ ಹೋದವನೇ ಅಲ್ಲ.) ಲೋಹ ಇಟ್ಟರೂ ಅದರ ಸಂದಿಯಿಂದ ಒಳಪೊರೆ ಅತಿಯಾಗಿ ಬೆಳೆದು ಮತ್ತೆ ಮುಚ್ಚುವುದುಂಟು. ಆ ಬೆಳವಣಿಗೆಗೆ ಕಡಿವಾಣ ಹಾಕಲು ಔಷಧಿ ಲೇಪಿಸಿದ ಸ್ಟೆಂಟ್ ಬಂತು. ಅದರ ಮೊದಲ ಔಷಧಿ ಸಿರೋಲಿಮಸ್ ಸಿಕ್ಕಿದ್ದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ. ದ್ವೀಪದವರು ತಮ್ಮ ನೆಲವನ್ನು ರಾಪಾ ನುಯಿ ಅನ್ನುತ್ತಾರೆ, ಔಷಧಿಯ ಹಳೆಯ ಹೆಸರು ರಾಪಾಮೈಸಿನ್.

ಆದರೆ ಒಳಪೊರೆ ನಿಧಾನಕ್ಕೆ ಬೆಳೆದರೆ ಲೋಹ ಬರಿದಾಗಿಯೇ ಹೆಚ್ಚು ದಿನ ಇರುತ್ತದೆ, ಬರಿ ಲೋಹಕ್ಕೆ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಎರಡೆರಡು ಇರುವುದು ಅದಕ್ಕೇ. ಡಾಕ್ಟರು ಹೇಳುವ ಮೊದಲೇ ಬಿಟ್ಟರೆ ಸ್ಟೆಂಟ್ ಇದ್ದಕ್ಕಿದ್ದಂತೆ ಮುಚ್ಚಿಹೋಗಬಹುದು. ಅಮ್ಮ ಸೀರೆಗಳ ಹಿಂದೆ ಬಚ್ಚಿಟ್ಟಿದ್ದು ಇದನ್ನು.

ಈಗ ನನ್ನ ಮೇಜಿಗೆ ಬರುತ್ತೇನೆ. ನನಗೆ ಅಮ್ಮನಂತೆ ರಾತ್ರೋರಾತ್ರಿ ಏನೂ ಆಗಿರಲಿಲ್ಲ. ಏರು ಹತ್ತಿದರೆ ಎದೆ ಬಿಗಿಯುತ್ತಿತ್ತು, ನಿಂತರೆ ಸರಿಹೋಗುತ್ತಿತ್ತು, ತಿಂಗಳುಗಟ್ಟಲೆ ಹೀಗೇ. ನಳಿಕೆ ಹಾಕುವ ಕೋಣೆಯಾದ ಕ್ಯಾಥ್ ಲ್ಯಾಬ್ ಚಳಿ, ಮೇಜು ಕಿರಿದು. ಮಣಿಕಟ್ಟಿಗೆ ಮರಗಟ್ಟುವ ಸೂಜಿ ಕೊಟ್ಟಾಗ ಉರಿಯಿತು, ಆಮೇಲೆ ಏನೋ ನೂಕಿದ ಅನುಭವ ಬಿಟ್ಟರೆ ನೋವಿಲ್ಲ. ರಕ್ತನಾಳದ ಒಳಗೋಡೆಗೆ ಸ್ಪರ್ಶ ತಿಳಿಯುವುದಿಲ್ಲ. ಒಂದು ವಸ್ತು ನನ್ನೊಳಗೆ ಎರಡು ಮೊಳ ನಡೆದು ಹೋದರೂ ನನಗೆ ಸುದ್ದಿಯೇ ಇಲ್ಲ. ಆ ನಳಿಕೆಯ ದಪ್ಪ ಸುಮಾರು 2 ಮಿಲಿಮೀಟರ್. ಅದರೊಳಗಿಂದ ಹೊರಡುವ ತಂತಿ 0.36 ಮಿಲಿಮೀಟರ್.

ಡೈ ಬಿಟ್ಟರು. ನನ್ನ ಹೃದಯದ ನಾಳಗಳು ಪರದೆಯ ಮೇಲೆ ಕಪ್ಪಗೆ ಮೂಡಿ ಒಂದೆರಡು ಬಡಿತದಲ್ಲಿ ಮಾಸಿದವು. ಅಷ್ಟರಲ್ಲೇ ನೋಡಿಬಿಟ್ಟೆ. ಮುಂಭಾಗದಲ್ಲಿ ಇಳಿಯುವ ನಾಳದ ಮಧ್ಯೆ ಯಾರೋ ದಾರ ಕಟ್ಟಿ ಎಳೆದಂತೆ ಒಂದು ಸೊಂಟ. "ಎಷ್ಟಿದೆ ಡಾಕ್ಟ್ರೇ?" ಅಂದೆ. "ಕಣ್ಣಳತೆಗೆ ಅರವತ್ತು ಪರ್ಸೆಂಟ್. ಅಳೆದು ನೋಡೋಣ."

ಕಂಡದ್ದನ್ನು ಮತ್ತೆ ಅಳೆಯುವುದೇನು? ನನ್ನ ಗ್ರಹಿಕೆ ತಪ್ಪಿದ್ದು ಅಲ್ಲೇ. ಆಂಜಿಯೋಗ್ರಾಮ್ ತೋರಿಸುವುದು ನೆರಳು. ಡೈ ತುಂಬಿದ ಟೊಳ್ಳಿನ ಚಪ್ಪಟೆ ನೆರಳು. ಸ್ನಾಯುವಿಗೆ ರಕ್ತ ಸಾಲುತ್ತಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಅದಕ್ಕಾಗಿ ತುದಿಯಲ್ಲಿ ಒತ್ತಡ ಅಳೆಯುವ ಸಾಧನವಿರುವ ತಂತಿಯನ್ನು ಬ್ಲಾಕಿನಾಚೆ ದಾಟಿಸುತ್ತಾರೆ. ನಾಳಗಳೆಲ್ಲ ಪೂರ್ತಿ ಹಿಗ್ಗುವಂಥ ಔಷಧಿ ಕೊಡುತ್ತಾರೆ. ಆ ಒಂದೆರಡು ನಿಮಿಷ ಮಾತ್ರ ನಾನು ಹೆದರಿದೆ: ಮುಖ ಕಾದು, ಎದೆ ಬಿಗಿದು, ಉಸಿರು ಸಾಲದಂತಾಯಿತು. ಬ್ಲಾಕಿನ ಆಚೆಯ ಒತ್ತಡವನ್ನು ಈಚೆಯ ಒತ್ತಡದಿಂದ ಭಾಗಿಸಿದರೆ ಬರುವ ಅಂಕಿ ಎಫ್‌ಎಫ್‌ಆರ್. ತಡೆಯೇ ಇಲ್ಲದಿದ್ದರೆ 1. ಅದು 0.80 ಅಥವಾ ಅದಕ್ಕಿಂತ ಕೆಳಗಿದ್ದರೆ ಆ ಬ್ಲಾಕ್ ನಿಜವಾಗಿಯೂ ಸ್ನಾಯುವಿನ ಪಾಲು ಕಸಿಯುತ್ತಿದೆ ಎಂದರ್ಥ. ನನ್ನದು 0.87 ಬಂತು.

"ಇದಕ್ಕೆ ಸ್ಟೆಂಟ್ ಬೇಡ" ಅಂದರು ಡಾಕ್ಟರು, ತಂತಿ ಹಿಂದಕ್ಕೆಳೆಯುತ್ತ. ಏರು ಹತ್ತುವಾಗಿನ ಬಿಗಿತಕ್ಕೆ ಮಾತ್ರೆಯಿಂದ ಶುರುಮಾಡೋಣ ಎಂದರು.

2009ರಲ್ಲಿ ಪ್ರಕಟವಾದ ಫೇಮ್ ಎಂಬ ಅಧ್ಯಯನವನ್ನು ನಾನು ಓದಿದ್ದು ಆಮೇಲೆ. ಒಂದಕ್ಕಿಂತ ಹೆಚ್ಚು ನಾಳದಲ್ಲಿ ಬ್ಲಾಕ್ ಇದ್ದ 1005 ಜನ. ಅರ್ಧದಷ್ಟು ಜನಕ್ಕೆ ಕಣ್ಣಳತೆ ನಂಬಿ ಸ್ಟೆಂಟ್ ಹಾಕಿದರು, ಇನ್ನರ್ಧಕ್ಕೆ ಒತ್ತಡ ಅಳೆದು, ಬೇಕಾದಲ್ಲಿ ಮಾತ್ರ. ಅಳೆದು ಹಾಕಿಸಿಕೊಂಡವರಿಗೆ ಸ್ಟೆಂಟ್ ಕಡಿಮೆ ಬಿದ್ದವು, ಒಂದು ವರ್ಷದಲ್ಲಿ ತೊಂದರೆಯೂ ಕಡಿಮೆ ಆಯಿತು. ಕಡಿಮೆ ಮಾಡಿ ಹೆಚ್ಚು ಪಡೆದವರ ಸಾಲಿನಲ್ಲಿ ನಾನೂ ಇದ್ದೇನೆ ಎಂದು ಹೆಂಡತಿಗೆ ಓದಿ ಹೇಳಿದೆ. "ಅದೆಲ್ಲ ಸರಿ, ಆದ್ರೆ ಬ್ಲಾಕ್ ಅಲ್ಲೇ ಇದೆಯಲ್ಲ" ಅಂದಳು.

ಅವಳನ್ನು ಒಪ್ಪಿಸುವುದು ಕಷ್ಟ, ಯಾಕೆಂದರೆ ಅವಳ ತಲೆಯಲ್ಲಿ, ನಮ್ಮೆಲ್ಲರ ತಲೆಯಲ್ಲಿ, ಇರುವುದು ನಲ್ಲಿಯ ಪೈಪು. ಪೈಪು ಕಟ್ಟಿಕೊಳ್ಳುತ್ತ ಕಟ್ಟಿಕೊಳ್ಳುತ್ತ ಒಂದು ದಿನ ಪೂರ್ತಿ ನಿಲ್ಲುತ್ತದೆ, ಅದೇ ಹಾರ್ಟ್ ಅಟ್ಯಾಕ್, ಮೊದಲೇ ತೆರೆದರೆ ಅಟ್ಯಾಕ್ ಆಗುವುದಿಲ್ಲ ಎಂದು. ದೇಹ ಹಾಗೆ ನಡೆಯುವುದಿಲ್ಲ. ಕೊಬ್ಬಿನ ಗಂಟು ನಾಳದ ಗೋಡೆಯೊಳಗೆ ಬೆಳೆಯುತ್ತದೆ. ಅದರ ಮೇಲಿನ ತೆಳುಪೊರೆ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ಹರಿಯುವುದು ಪರದೆಯಲ್ಲಿ ಕಣ್ಣು ಕುಕ್ಕುವ ದೊಡ್ಡ ಬ್ಲಾಕೇ ಆಗಬೇಕೆಂದಿಲ್ಲ, ಎಷ್ಟೋ ಸಲ ಯಾರೂ ಲೆಕ್ಕಕ್ಕಿಡದ ಸಣ್ಣ ಉಬ್ಬೇ ಹರಿದಿರುತ್ತದೆ. ಸ್ಟೆಂಟ್ ಕಾಯುವುದು ತಾನು ಕೂತ ಎರಡು ಮೂರು ಸೆಂಟಿಮೀಟರನ್ನು. ಉಳಿದ ಅಷ್ಟೂ ಉದ್ದವನ್ನು ಕಾಯುವುದು ಕೊಲೆಸ್ಟ್ರಾಲಿನ ಮಾತ್ರೆ, ಬಿಪಿ, ಬೀಡಿ ಸಿಗರೇಟು ಬಿಡುವುದು, ನಡಿಗೆ. ಇವೆಲ್ಲ ಬೇಸರದ ಸಂಗತಿಗಳು, ಪರದೆಯಲ್ಲಿ ಕಾಣುವುದೂ ಇಲ್ಲ.

2007ರ ಕರೇಜ್ ಅಧ್ಯಯನ ಇದನ್ನು ಮೊದಲು ದೊಡ್ಡ ದನಿಯಲ್ಲಿ ಹೇಳಿತು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ 5179 ಜನರಲ್ಲಿ ಮತ್ತೆ ನೋಡಿತು. ಸ್ಥಿರವಾಗಿರುವ ಎದೆನೋವಿನವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಒಳ್ಳೆಯ ಔಷಧಿಯಿಂದ ಶುರುಮಾಡಿದರೂ ಸಾವು ಮತ್ತು ಹಾರ್ಟ್ ಅಟ್ಯಾಕಿನ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಎಡಭಾಗದ ಮುಖ್ಯ ನಾಳದ ಬುಡದಲ್ಲೇ ಬ್ಲಾಕ್ ಇದ್ದವರು, ಹೃದಯ ತೀರಾ ಸೋತವರು ಈ ಲೆಕ್ಕದಲ್ಲಿಲ್ಲ, ಅವರ ದಾರಿ ಬೇರೆ. ಅಮ್ಮನಂತೆ ಅಟ್ಯಾಕ್ ಆಗುತ್ತಿರುವವರಂತೂ ಖಂಡಿತ ಇಲ್ಲ. ಅಲ್ಲಿ ಸ್ಟೆಂಟ್ ಪ್ರಾಣ ಉಳಿಸುತ್ತದೆ, ತರ್ಕವೇ ಬೇಡ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಂಡನ್ನಿನವರು 2017ರಲ್ಲಿ ಪ್ರಕಟಿಸಿದ ಆರ್ಬಿಟಾ. ಒಂದು ನಾಳದಲ್ಲಿ ತೀವ್ರ ಬ್ಲಾಕ್ ಇದ್ದ 200 ಜನರನ್ನು ಮಂಪರಿನಲ್ಲಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ, ಅರ್ಧ ಜನಕ್ಕೆ ಸ್ಟೆಂಟ್ ಹಾಕಿದರು, ಉಳಿದವರಿಗೆ ಹಾಕಿದ ನಾಟಕ ಮಾಡಿದರು. ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಇಬ್ಬರ ನಡುವಿನ ಅಂತರ ಕೆಲವೇ ಸೆಕೆಂಡು, ಲೆಕ್ಕಕ್ಕಿಡುವಂಥದ್ದಲ್ಲ. ಎರಡೂ ಗುಂಪಿಗೆ ಔಷಧಿ ಚೆನ್ನಾಗಿ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಅದೇ ತಂಡ 2023ರಲ್ಲಿ ಎದೆನೋವಿನ ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಸ್ಟೆಂಟ್ ಹಾಕಿಸಿಕೊಂಡವರ ನೋವು ನಿಜಕ್ಕೂ ಇಳಿದಿತ್ತು. ಅಂದರೆ ನೋವಿಗೆ ಸ್ಟೆಂಟ್ ಒಂದು ಒಳ್ಳೆಯ ಮದ್ದು, ಮಾತ್ರೆಯಿಂದ ಸಾಕಾಗದಿದ್ದರೆ ನಾನೂ ಹಾಕಿಸಿಕೊಳ್ಳುತ್ತೇನೆ. ನನ್ನ ತಕರಾರು ಸ್ಟೆಂಟಿನ ಮೇಲಲ್ಲ, ಕಂಡದ್ದನ್ನೆಲ್ಲ ತೆರೆದೇ ತೀರಬೇಕೆನ್ನುವ ನಮ್ಮ ಕಣ್ಣಿನ ಮೇಲೆ. ಆ ಕಣ್ಣು ರೋಗಿಗಳಿಗೂ ಇದೆ, ವೈದ್ಯರಿಗೂ ಇದೆ. ಬೇಡ ಎಂದು ತಂತಿ ಹಿಂದಕ್ಕೆಳೆಯುವ ವೈದ್ಯರಿಗೆ ಮನೆಯವರ ಮೆಚ್ಚುಗೆ ಸಿಗುವುದಿಲ್ಲ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ.

ನಳಿಕೆ ಈಗ ಎಲ್ಲೆಲ್ಲೋ ಹೋಗುತ್ತಿದೆ. 2002ರಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಅಲೇನ್ ಕ್ರಿಬಿಯೆ ಎದೆ ತೆರೆಯದೆ ಮಹಾಪಧಮನಿಯ ಕವಾಟವನ್ನೇ ಕೂರಿಸಿದ. ಎದೆ ಸೀಳಿದರೆ ಬದುಕುವುದಿಲ್ಲ ಎಂದು ಕೈಬಿಟ್ಟಿದ್ದ ವೃದ್ಧರಿಗೆ ಅದು ಮರುಜನ್ಮ. ಸಂಧಿವಾತ ಜ್ವರದಿಂದ ಅಂಟಿಕೊಂಡ, ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಜಪಾನಿನ ಕಾಂಜಿ ಇನೌಯೆ ಎಂಬತ್ತರ ದಶಕದಲ್ಲೇ ಬಲೂನಿನಿಂದ ಬಿಡಿಸಿದ್ದ. ಪಾರ್ಶ್ವವಾಯು ಬಡಿದವರ ಮೆದುಳಿನಿಂದ ಹೆಪ್ಪನ್ನು ಎಳೆದು ತೆಗೆಯುವುದು 2015ರ ಅಧ್ಯಯನಗಳ ನಂತರ ಎಲ್ಲೆಡೆ ಒಪ್ಪಿತವಾಗಿದೆ. ಅಲ್ಲೂ ಅಮ್ಮನ ದವಡೆ ನೋವಿನ ಲೆಕ್ಕವೇ: ಮನೆಯಲ್ಲಿ ಕಳೆದ ಅರ್ಧ ಗಂಟೆಯನ್ನು ಯಾವ ನಳಿಕೆಯೂ ವಾಪಸು ತರಲಾರದು.

ರಾತ್ರಿ ಮಾತ್ರೆಯ ಹೊತ್ತಿಗೆ ನಾನೂ ಅಮ್ಮನೂ ಈಗ ಒಟ್ಟಿಗೆ ಕೂರುತ್ತೇವೆ. ಕೊಲೆಸ್ಟ್ರಾಲಿನದ್ದು ಇಬ್ಬರಿಗೂ ಒಂದೇ, ಬಣ್ಣವೂ ಒಂದೇ. ಮೊನ್ನೆ ಅವಳು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿದಳು.

"ನಿಂಗೇನೂ ಹಾಕಿಲ್ವಲ್ಲೋ, ನಿಂಗ್ಯಾಕೆ ಇದು?"

"ಹಾಕಿಲ್ಲ ಅಂತಲೇ ಅಮ್ಮ."

"ನಂಗೆ ಹಾಕಿದಾರಲ್ಲ, ನಂಗ್ಯಾಕೆ ಮತ್ತೆ?"

"ಹಾಕಿದಾರೆ ಅಂತಲೇ."

ಅವಳು ನನ್ನನ್ನೊಮ್ಮೆ, ಮಾತ್ರೆಯನ್ನೊಮ್ಮೆ ನೋಡಿ, ನೀರಿನ ಲೋಟಕ್ಕೆ ಕೈ ಚಾಚಿದಳು.